ಗಡ್ಡೆಯ ಜೀವಕೋಶ ಅಂಟುತ್ತದೆಯೋ, ಕಚ್ಚುತ್ತದೆಯೋ?

ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳಿನ ಗಡ್ಡೆಯ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಜೀವಕೋಶ ತನ್ನ ಸುತ್ತಲಿನದನ್ನು ಹಿಡಿದುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಅಡ್ಹೀಶನ್’ ಎಂಬ ಪದದ ಹತ್ತಿರ ಗಾಡಿ ನಿಂತುಬಿಟ್ಟಿದೆ.

ಮೊದಲು ‘ಗಡ್ಡೆಯ ಜೀವಕೋಶಗಳು ಸುತ್ತಲಿನ ಭಾಗಕ್ಕೆ ಅಂಟುತ್ತವೆ’ ಎಂದು ಬರೆದೆ. ಓದಿದ ಅತ್ತಿಗೆ ಕೇಳಿದ್ದು ಒಂದೇ: “ಹಾಗಾದ್ರೆ ಇದು ಅಂಟುರೋಗಾನಾ?” ಅಲ್ಲವೇ ಅಲ್ಲ. ಆದರೆ ಆ ಭಯ ಹುಟ್ಟಿಸಿದ್ದು ನನ್ನ ವಾಕ್ಯವೇ.

ತಮಾಷೆ ಎಂದರೆ, ಗಡ್ಡೆಯ ಹೆಸರಿನಲ್ಲೇ ಅಂಟು ಇದೆ. 1856ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೊ, ನರಗಳ ನಡುವಿನ ವಸ್ತುವಿಗೆ ‘ನ್ಯೂರೋಗ್ಲಿಯಾ’ ಎಂದು ಹೆಸರಿಟ್ಟ. ಗ್ರೀಕಿನಲ್ಲಿ ಗ್ಲಿಯಾ ಎಂದರೆ ಅಂಟು. ನರಗಳನ್ನು ಹಿಡಿದಿಡುವ ಗೋಂದು ಎಂದು ಅವನ ಲೆಕ್ಕ.

ನನ್ನ ದೊಡ್ಡ ತಕರಾರು ಬೇರೆ. ಗೋಂದು ಹತ್ತಿದರೆ ಅಲ್ಲೇ ಉಳಿಯುತ್ತದೆ. ಈ ಜೀವಕೋಶ ಹಾಗಲ್ಲ. ಮುಂದಿನ ತುದಿಯಿಂದ ಹಿಡಿದು, ಮೈ ಎಳೆದುಕೊಂಡು, ಹಿಂದಿನ ತುದಿ ಬಿಡುತ್ತದೆ. ಮಲೆನಾಡಿನಲ್ಲಿ ಇಂಬಳ ಕಾಲು ಹತ್ತುವುದನ್ನು ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ ನಡಿಗೆ. ಹೀಗೆ ಒಳಗೊಳಗೇ ಸರಿದು ಹೋಗಿರುವುದರಿಂದಲೇ ಕಾಣುವ ಗಡ್ಡೆ ತೆಗೆದರೂ ಅದು ಮತ್ತೆ ಬೆಳೆಯುತ್ತದೆ. ಹಿಡಿಯುವ ಕೈಗಳು ಎಂದರೆ ಜೀವಕೋಶದ ಮೇಲಿನ ಪ್ರೋಟೀನುಗಳು. ಇಂಟೆಗ್ರಿನ್‌ಗಳು ಒಂದು ಗುಂಪು. ಸಿಡಿ44 ಎಂಬುದು ಹೈಯಲುರೊನನ್ ಎಂಬ ಲೋಳೆಯಂಥ ಸಕ್ಕರೆಸರವನ್ನು ಹಿಡಿಯುತ್ತದೆ.

ಹಾಗಾಗಿ ‘ಕಚ್ಚಿಕೊಳ್ಳು’ ನನಗೆ ಹಿಡಿಸಿತು. ಬಣ್ಣ ಬಟ್ಟೆಗೆ ಕಚ್ಚುತ್ತದೆ, ಮಾವು ಕಾಯಿ ಕಚ್ಚುತ್ತದೆ. ಇಂಬಳವಂತೂ ಕಚ್ಚಿಯೂ ಬಿಡುತ್ತದೆ! ಆದರೆ ನಾಮಪದ ಬೇಕಾದಾಗ ಕೈಕೊಡುತ್ತದೆ. ‘ಸಿಲೆಂಗಿಟೈಡ್ ಎಂಬ ಮದ್ದು ಇಂಟೆಗ್ರಿನ್‌ಗಳ ______ ತಪ್ಪಿಸುತ್ತದೆ’ ಎಂಬಲ್ಲಿ ಏನು ತುಂಬಲಿ? ‘ಕಚ್ಚು’ ಎಂದರೆ ಹಲ್ಲಿನ ಗುರುತು ನೆನಪಾಗುತ್ತದೆ. ‘ಹಿಡಿತ’ ಇಲ್ಲಿ ಚೆನ್ನಾಗಿ ಕೂರುತ್ತದೆ. ಆದರೆ ಮುಂದಿನ ವಾಕ್ಯದಲ್ಲಿ ‘ಗಡ್ಡೆಯ ಹಿಡಿತ’ ಎಂದರೆ ಗಡ್ಡೆ ಹತೋಟಿಗೆ ಬಂತು ಎಂದು ಓದಿಕೊಳ್ಳುವವರು ಇದ್ದಾರೆ. ಹತೋಟಿಗೆ ಬಂದಿಲ್ಲ. 2014ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಈ ಮದ್ದು ರೋಗಿಗಳ ಆಯುಷ್ಯ ಹೆಚ್ಚಿಸಲಿಲ್ಲ.

ಇನ್ನು ‘ಮ್ಯಾಟ್ರಿಕ್ಸ್’, ಅಂದರೆ ಜೀವಕೋಶಗಳ ಸುತ್ತ ತುಂಬಿಕೊಂಡಿರುವ ವಸ್ತು. ‘ಮಾತೃಕೆ’ ಎಂದರೆ ಪಿಯುಸಿ ಗಣಿತ ನೆನಪಾಗುತ್ತದೆ, ಬೇಡ. ‘ಹಂದರ’ ಎಂದು ಕೆಲವರು ಬರೆಯುತ್ತಾರೆ. ಗಟ್ಟಿ ಕೊಲಾಜೆನ್ ನಾರು ತುಂಬಿದ ಚರ್ಮಕ್ಕೆ ಅದು ಒಪ್ಪುತ್ತದೆ. ಮೆದುಳಿನಲ್ಲಿ, ರಕ್ತನಾಳದ ಸುತ್ತ ಬಿಟ್ಟರೆ, ಅಂಥ ನಾರು ಬಹಳ ಕಡಿಮೆ. ಇರುವುದು ಜಾಸ್ತಿ ಲೋಳೆಯೇ. ಲೋಳೆಗೆ ಹಂದರ ಅನ್ನುವುದು ಹೇಗೆ? ಸದ್ಯಕ್ಕೆ ಸುಮ್ನೆ ‘ಸುತ್ತಲೋಳೆ’ ಎಂದು ಬರೆದಿಟ್ಟಿದ್ದೇನೆ, ಓದುವಾಗ ನನಗೇ ನಗು ಬರುತ್ತದೆ.

ಹಿಡಿಯುವುದು, ಬಿಡುವುದು ಎರಡೂ ಕೇಳಿಸುವ ಒಂದು ಪದ ನಿಮ್ಮ ಕಡೆಯ ಮಾತಿನಲ್ಲಿದೆಯೇ? ಮರ ಹತ್ತುವವರು, ನೇಯುವವರು, ಕಸಿ ಕಟ್ಟುವವರು ಬಳಸುವ ಪದವಾದರೂ ಸರಿ. ‘ಕಚ್ಚಿಕೆ’ ಎಂದು ಹೊಸದಾಗಿ ಕಟ್ಟಿದರೆ ಯಾರಾದರೂ ಹೊಡೆಯುತ್ತೀರಾ?