‘ಸರಳ ಬಹುಮತ’ಕ್ಕೆ 113 ಬೇಕೇ?

ಪ್ರಶ್ನೆ:
ವಿಧಾನಸಭೆ ಫಲಿತಾಂಶದ ದಿನ ಎಲ್ಲ ಕಡೆ “ಸರಳ ಬಹುಮತಕ್ಕೆ 113 ಸ್ಥಾನ ಬೇಕು” ಎಂದು ಬರೆಯುತ್ತಾರೆ. ಆದರೆ 2019ರ ಜುಲೈ 23ರಂದು ಕುಮಾರಸ್ವಾಮಿ ಅವರು ಕೇಳಿದ ವಿಶ್ವಾಸಮತಕ್ಕೆ ಸೋಲಾದಾಗ ಪರವಾಗಿ 99, ವಿರುದ್ಧವಾಗಿ 105 ಮತ ಬಿದ್ದಿದ್ದವು. ಯಾರಿಗೂ 113 ಬರಲಿಲ್ಲ, ಆದರೂ ಸರ್ಕಾರ ಬಿತ್ತು. ಹಾಗಾದರೆ ಸರಳ ಬಹುಮತ ಎಂದರೇನು? ಸ್ಪಷ್ಟ, ನಿಚ್ಚಳ, ವಿಶೇಷ ಬಹುಮತಗಳಿಗೂ ಅದಕ್ಕೂ ಏನು ವ್ಯತ್ಯಾಸ? ಅರ್ಧವನ್ನು ದಾಟದೆ, ಉಳಿದವರಿಗಿಂತ ಹೆಚ್ಚು ಮತ ಪಡೆದು ಗೆಲ್ಲುವುದಕ್ಕೂ ‘ಬಹುಮತ’ ಎನ್ನಬಹುದೇ?

ಉತ್ತರ:
ತೊಡಕಿರುವುದು ‘ಬಹುಮತ’ ಎಂಬ ಪದದಲ್ಲಲ್ಲ, ಯಾರ ಪೈಕಿ ಬಹುಮತ ಎಂಬುದನ್ನು ಬಿಟ್ಟು ಬರೆಯುವುದರಲ್ಲಿ.

ಸಂವಿಧಾನದ 189ನೇ ವಿಧಿ ರಾಜ್ಯ ಶಾಸಕಾಂಗಕ್ಕೆ, 100ನೇ ವಿಧಿ ಸಂಸತ್ತಿಗೆ ಒಂದೇ ಮಾತು ಹೇಳುತ್ತವೆ: ಬೇರೆ ನಿಯಮ ಇಲ್ಲದ ಕಡೆ, ಹಾಜರಿದ್ದು ಮತ ಹಾಕಿದವರಲ್ಲಿ ಹೆಚ್ಚಿನವರು ಹೇಳಿದ್ದೇ ತೀರ್ಮಾನ. ಸರಳ ಬಹುಮತ ಎಂದರೆ ಇದು. ಸಭಾಧ್ಯಕ್ಷರು ಈ ಲೆಕ್ಕದಲ್ಲಿಲ್ಲ. ಸಮಸಮ ಬಂದರೆ ಮಾತ್ರ ಅವರದು ನಿರ್ಣಾಯಕ ಮತ. ಗೈರಾದವರೂ, ಹಾಜರಿದ್ದು ತಟಸ್ಥರಾದವರೂ ಲೆಕ್ಕಕ್ಕೆ ಸೇರುವುದಿಲ್ಲ. 2019ರಲ್ಲಿ ಬಿದ್ದ ಮತ ಒಟ್ಟು 204. 103 ಇದ್ದರೆ ಸಾಕಿತ್ತು, 105 ಬಂತು. 1999ರ ಏಪ್ರಿಲ್ 17ರಂದು ಲೋಕಸಭೆಯಲ್ಲಿ ವಾಜಪೇಯಿ ಸರ್ಕಾರ 269–270ರಲ್ಲಿ ಬಿದ್ದಾಗಲೂ ಹಾಗೆಯೇ, 272 ಯಾರ ಹತ್ತಿರವೂ ಇರಲಿಲ್ಲ. ಶಾಸಕರನ್ನು ರೆಸಾರ್ಟಿನಲ್ಲಿ ಕೂಡಿಹಾಕುವ ರಾಜಕಾರಣದ ಗಣಿತವೂ ಇಷ್ಟೇ. ಎದುರಿನವರನ್ನು ತಮ್ಮ ಕಡೆ ಎಳೆದುಕೊಳ್ಳಲೇಬೇಕೆಂದಿಲ್ಲ, ಸದನಕ್ಕೆ ಬಾರದಂತೆ ನೋಡಿಕೊಂಡರೂ ಸಾಕು.

113 ಎಂಬುದು ನಮ್ಮ ವಿಧಾನಸಭೆಯ ಒಟ್ಟು ಸದಸ್ಯಬಲದ (224) ಅರ್ಧವನ್ನು ದಾಟುವ ಸಂಖ್ಯೆ. ಅದಕ್ಕೆ ‘ಪೂರ್ಣ ಬಹುಮತ’ ಅಥವಾ ‘ಒಟ್ಟು ಸದಸ್ಯಬಲದ ಬಹುಮತ’ ಎನ್ನುವುದು ಸರಿ. ‘ಸ್ಪಷ್ಟ’, ‘ನಿಚ್ಚಳ’ ಇವು ಕಾನೂನಿನ ಪದಗಳಲ್ಲ, ವರದಿಯ ಪದಗಳು. ಒಂದೇ ಪಕ್ಷ ಮಿತ್ರರ ನೆರವಿಲ್ಲದೆ ಅರ್ಧ ದಾಟಿದರೆ ಬಳಸಿಕೊಳ್ಳಿ, ತಪ್ಪಿಲ್ಲ. ‘ಅರ್ಧಕ್ಕೆ ಒಂದು ಸೇರಿಸಿ’ ಎಂಬ ಬಾಯಿಲೆಕ್ಕ ಮಾತ್ರ ಬೇಡ. 224ಕ್ಕೆ ಅದು ಸರಿಹೊಂದುತ್ತದೆ. ಲೋಕಸಭೆಯ 543ರ ಅರ್ಧ 271.5, ಅದಕ್ಕೆ ಒಂದು ಸೇರಿಸಿದರೆ 272.5 ಆಗಿ 273 ಬೇಕೆಂದಾಗುತ್ತದೆ, ಬೇಕಿರುವುದು 272. ‘ಅರ್ಧಕ್ಕಿಂತ ಹೆಚ್ಚು’ ಎಂದರೆ ಎಲ್ಲ ಕಡೆಗೂ ಸಲ್ಲುತ್ತದೆ.

ಹೆಚ್ಚು ಎಡವುವುದು ‘ವಿಶೇಷ ಬಹುಮತ’ದಲ್ಲಿ. ‘ಮೂರನೇ ಎರಡರಷ್ಟು’ ಎಂದು ಬರೆದು ಮುಂದೆ ಹೋಗುವವರೇ ಹೆಚ್ಚು. 368ನೇ ವಿಧಿಯ ಸಂವಿಧಾನ ತಿದ್ದುಪಡಿಗೆ ಎರಡು ಷರತ್ತು ಒಟ್ಟಿಗೆ ಬೇಕು: ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು, ಜೊತೆಗೆ ಮತ ಹಾಕಿದವರಲ್ಲಿ ಮೂರನೇ ಎರಡು. ಲೋಕಸಭೆಯಲ್ಲಿ 400 ಮಂದಿ ಮತ ಹಾಕಿ ಪರವಾಗಿ 270 ಬಂದವು ಎನ್ನಿ. ಮೂರನೇ ಎರಡಕ್ಕೆ ಬೇಕಾದ 267 ದಾಟಿತು, ಆದರೆ 272 ಇಲ್ಲ; ಮಸೂದೆ ಬಿತ್ತು. ಇಲ್ಲಿ ‘ಒಟ್ಟು ಸದಸ್ಯಬಲ’ಕ್ಕೆ ಖಾಲಿ ಸ್ಥಾನಗಳೂ ಸೇರುತ್ತವೆ. ಸಭಾಧ್ಯಕ್ಷರನ್ನು ಕೆಳಗಿಳಿಸುವ 179ನೇ ವಿಧಿಯಲ್ಲಾದರೋ ‘ಆಗ ಇರುವ ಎಲ್ಲ ಸದಸ್ಯರ’ ಬಹುಮತ, ಅಂದರೆ ಖಾಲಿ ಸ್ಥಾನ ಬಿಟ್ಟು. ರಾಷ್ಟ್ರಪತಿಯ ಮಹಾಭಿಯೋಗಕ್ಕೆ (61ನೇ ವಿಧಿ) ಒಟ್ಟು ಸದಸ್ಯಬಲದ್ದೇ ಮೂರನೇ ಎರಡು ಬೇಕು.

ಮಂಡನೆಗೂ ಅಂಗೀಕಾರಕ್ಕೂ ಬೆರಕೆ ಆಗಬಾರದು. 2024ರ ಡಿಸೆಂಬರ್ 17ರಂದು ಲೋಕಸಭೆಯಲ್ಲಿ ‘ಒಂದು ದೇಶ, ಒಂದು ಚುನಾವಣೆ’ಯ ತಿದ್ದುಪಡಿ ಮಸೂದೆ ಮಂಡನೆಗೆ ಪರವಾಗಿ 269, ವಿರುದ್ಧವಾಗಿ 198 ಮತ ಬಿದ್ದವು. ಮಂಡನೆಗೆ ಸರಳ ಬಹುಮತ ಸಾಕು, ಅದಕ್ಕೇ ಗೆದ್ದಿತು. ಅಂಗೀಕಾರದ ಹಂತದಲ್ಲಿ ಅಷ್ಟೇ ಮಂದಿ ಮತ ಹಾಕಿದ್ದರೆ 312 ಬೇಕಾಗುತ್ತಿತ್ತು.

ಊರಿನ ಉದಾಹರಣೆ ಬೇಕಿದ್ದರೆ, ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷರ ವಿರುದ್ಧದ ಅವಿಶ್ವಾಸ ನಿರ್ಣಯಕ್ಕೆ ಒಟ್ಟು ಸದಸ್ಯರ ಮೂರನೇ ಎರಡಕ್ಕೆ ಕಡಿಮೆ ಇಲ್ಲದಷ್ಟು ಮತ ಬೇಕು, ಸಭೆಗೆ ಬಂದವರ ಪೈಕಿ ಅಲ್ಲ. 17 ಸದಸ್ಯರಿದ್ದರೆ 11.33 ಆಗುತ್ತದೆ. 11 ಕೈ ಎತ್ತಿದರೆ ಸಾಲದು, 12 ಬೇಕು.

ಮತ್ತೊಂದು ಉತ್ತರ:
ಕೊನೆಯ ಪ್ರಶ್ನೆಗೆ ನನ್ನದೊಂದು ಮಾತು. ಮೂವರು ಕಣದಲ್ಲಿದ್ದು 40, 35, 25 ಮತ ಬಂದರೆ 40 ಬಂದವರು ಗೆಲ್ಲುತ್ತಾರೆ, ಆದರೆ ಅವರಿಗೆ ಬಹುಮತ ಇಲ್ಲ. 60 ಮಂದಿ ಬೇರೆಯವರಿಗೆ ಹಾಕಿದ್ದಾರೆ. ನಮ್ಮ ಶಾಸಕರು, ಸಂಸದರು ಆರಿಸಿಬರುವುದು ಹೀಗೆ. ಇದಕ್ಕೆ ಬಳಕೆಯಲ್ಲಿ ನಿಂತ ಒಂಟಿ ಪದ ಕಾಣೆ. ‘ಅತಿ ಹೆಚ್ಚು ಮತ’ ಎಂದು ಬಿಡಿಸಿ ಹೇಳುವುದೇ ವಾಸಿ. ‘ಅಲ್ಪ ಬಹುಮತ’ ಎಂದರೆ ಅರ್ಧವನ್ನು ಕೂದಲೆಳೆಯಲ್ಲಿ ದಾಟಿದಂತೆ ಕೇಳುತ್ತದೆ.

ರಾಜ್ಯದ ಮಟ್ಟದಲ್ಲೂ ಈ ಭೇದ ಬೇಕು. 2018ರಲ್ಲಿ ಮತದಾನ ನಡೆದ 222 ಕ್ಷೇತ್ರಗಳಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ 38 ಮತ ಬಂದು 78 ಸ್ಥಾನ ಸಿಕ್ಕಿತು; ಬಿಜೆಪಿಗೆ ಸುಮಾರು ಶೇ 36 ಮತ ಬಂದು 104 ಸ್ಥಾನ. ಮೊದಲನೆಯದು ಮತದಲ್ಲಿ ಮುಂದು, ಎರಡನೆಯದು ಸ್ಥಾನದಲ್ಲಿ ಮುಂದು. ಬಹುಮತ ಇಬ್ಬರಿಗೂ ಇಲ್ಲ. ‘ಜನಾದೇಶ ಯಾರಿಗೆ’ ಎಂಬ ಆಗಿನ ಜಗಳದಲ್ಲಿ ಅರ್ಧ ಈ ಪದಗಳ ಕಲಸುಮೇಲೋಗರವೇ.

ಕರಪತ್ರದ “ಪ್ರಚಂಡ ಬಹುಮತದಿಂದ ಗೆಲ್ಲಿಸಿ” ಎಂಬುದರ ಅರ್ಥ ಇದಾವುದೂ ಅಲ್ಲ. ಅಲ್ಲಿ ಬೇಡುತ್ತಿರುವುದು ಅಂತರವನ್ನು.