ಪಶ್ಚಾತ್ತಾಪವಿಲ್ಲದವನೇ ಅಪಾಯಕಾರಿಯೇ?

ಸುಭಾಷ್ (ವಕೀಲ): 2022ರ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಲ್ಲುಶಿಕ್ಷೆಯನ್ನು ತೂಗಿ ನೋಡುವಾಗ ಅಪರಾಧಿಯ ಮನೋವೈದ್ಯಕೀಯ ವರದಿಯೂ ಮುಂದಿರಬೇಕು ಎಂದಿತು. ಅತ್ಯಾಚಾರ ಮಾಡಿ ಕೊಂದವರಿಗೂ ಇದು ಅನ್ವಯಿಸುತ್ತದೆ. ನಾನು ಓದಿದ ಒಂದು ವರದಿಯಲ್ಲಿದ್ದುದು ಇಷ್ಟು: ಬುದ್ಧಿಮಟ್ಟ ಸಾಮಾನ್ಯ, ಭ್ರಮೆಗಳಿಲ್ಲ, ಪಶ್ಚಾತ್ತಾಪ ಕಾಣುವುದಿಲ್ಲ. ಪಶ್ಚಾತ್ತಾಪವೇ ಇಲ್ಲದವನು ಹೊರಬಂದರೆ ಮತ್ತೆ ಅದನ್ನೇ ಮಾಡುತ್ತಾನೆ. ಇನ್ನೇನು ಬೇಕು?

ವೀಣಾ (ಮನಶ್ಶಾಸ್ತ್ರಜ್ಞೆ): ಬೇಕಾದದ್ದೆಲ್ಲ ಅದರಲ್ಲಿ ಬಿಟ್ಟುಹೋಗಿದೆ. 1998ರಲ್ಲಿ ಸಂಶೋಧಕರಾದ ಹ್ಯಾನ್ಸನ್ ಮತ್ತು ಬ್ಯುಸಿಯರ್ ಲೈಂಗಿಕ ಅಪರಾಧಿಗಳ ಕುರಿತ 61 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ತಪ್ಪೊಪ್ಪಿಕೊಳ್ಳದಿರುವುದಕ್ಕಾಗಲಿ, ಸಂತ್ರಸ್ತರ ಬಗ್ಗೆ ಮರುಕವಿಲ್ಲದಿರುವುದಕ್ಕಾಗಲಿ ಮರು ಅಪರಾಧದೊಂದಿಗೆ ನಂಟು ಸಿಗಲಿಲ್ಲ. ಸಿಕ್ಕಿದ್ದು ಮಕ್ಕಳತ್ತ ಲೈಂಗಿಕ ಸೆಳೆತಕ್ಕೆ, ಹಿಂದಿನ ಲೈಂಗಿಕ ಅಪರಾಧಗಳಿಗೆ. ವೈದ್ಯರ ಮುಂದೆ ಅತ್ತವನು ಪಾರಾಗಿ, ಕಲ್ಲಿನಂತೆ ಕುಳಿತವನು ನೇಣಿಗೆ ಹತ್ತಿರವಾಗುವುದಾದರೆ ನಾವು ಅಳೆಯುತ್ತಿರುವುದು ಅಪಾಯವನ್ನಲ್ಲ.

ಮಂಜುನಾಥ: ಇಷ್ಟೆಲ್ಲ ಏಕೆ? ನಾರ್ಕೋ ಪರೀಕ್ಷೆ ಮಾಡಿಸಿದರೆ ನಿಜ ತಾನಾಗಿ ಹೊರಬರುವುದಿಲ್ಲವೇ?

ಸುಭಾಷ್: ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. 2010ರಲ್ಲಿ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲೇ ಅದು ತೀರ್ಮಾನವಾಗಿದೆ. ವೀಣಾ ಅವರೇ, ಮತ್ತೆ ಅಪರಾಧ ಮಾಡುವ ಸಾಧ್ಯತೆಗೆ ಅಂಕ ಕೊಡುವ ಮಾಪನಗಳಿವೆಯಲ್ಲ, ಅವನ್ನಾದರೂ ಬಳಸಬಹುದಲ್ಲವೇ?

ಶಾರದಾ (ಆಪ್ತಸಮಾಲೋಚಕಿ): ಅಂಥ ಮಾಪನವನ್ನು ಬಿಡಿಸಿ ನೋಡಿದ್ದೀರಾ? ಲೈಂಗಿಕ ಅಪರಾಧಿಗಳಿಗೆ ಬಳಸುವ ಸ್ಟ್ಯಾಟಿಕ್-99ರಲ್ಲಿ ಹತ್ತು ಅಂಶಗಳಿವೆ; ಅಂಕ ಹೆಚ್ಚಾದಷ್ಟೂ ಅಪಾಯ ಹೆಚ್ಚು. ಎರಡು ವರ್ಷ ಸಂಗಾತಿಯೊಂದಿಗೆ ಬಾಳಿರದಿದ್ದರೆ ಒಂದು ಅಂಕ. ಸಂತ್ರಸ್ತರು ಸಂಬಂಧಿಕರಲ್ಲದಿದ್ದರೆ ಒಂದು, ಅಪರಿಚಿತರಾದರೆ ಇನ್ನೊಂದು. ಮದುವೆಯಾಗಿ ಸಂಸಾರ ಮಾಡಿಕೊಂಡಿದ್ದು, ತಮ್ಮನ ಮಗಳನ್ನೇ ಪೀಡಿಸಿದ ದೊಡ್ಡಪ್ಪನಿಗೆ ಈ ಮೂರರಲ್ಲೂ ಸೊನ್ನೆ! ನನ್ನ ಬಳಿಗೆ ಬರುವ ಹುಡುಗಿಯರ ಮನೆಗಳಲ್ಲಿ ಇರುವುದು ಇಂಥವರೇ.

ವೀಣಾ: ಅಂಕ ಕೃತ್ಯದ ಕ್ರೌರ್ಯವನ್ನು ಹೇಳುವುದಿಲ್ಲ, ಮತ್ತೆ ಸಿಕ್ಕಿಬೀಳುವ ಸಾಧ್ಯತೆಯನ್ನಷ್ಟೇ ಹೇಳುತ್ತದೆ. ಆ ಲೆಕ್ಕಕ್ಕೆ ಬರುವುದು ದೂರು ದಾಖಲಾದ ಪ್ರಕರಣಗಳು ಮಾತ್ರ.

ಶಾರದಾ: ನನ್ನ ಸಂಕಟವೂ ಅದೇ. ಅಜ್ಜಿ ಬಾಯಿ ಮುಚ್ಚಿಸಿದ ಮನೆಯಲ್ಲಿ ಎರಡನೇ ಕೃತ್ಯ ಎಲ್ಲಿ ದಾಖಲಾಗುತ್ತದೆ?

ಮಂಜುನಾಥ: ಹಾಗಾದರೆ ಆ ಅಂಕವನ್ನು ನ್ಯಾಯಾಧೀಶರು ಏನು ಮಾಡಬೇಕು?

ವೀಣಾ: ಒಂಟಿಯಾಗಿ ನೋಡಬಾರದು. ಕೆನಡಾ, ಬ್ರಿಟನ್‌ಗಳ ಲೈಂಗಿಕ ಅಪರಾಧಿಗಳ ಮೇಲೆ ಕಟ್ಟಿದ ಮಾಪನವದು. ವರದಿ ಬರೆಯುವವರು ದೋಷಾರೋಪಪಟ್ಟಿ, ಸಂತ್ರಸ್ತೆಯ ಹೇಳಿಕೆ ಓದಿರಬೇಕು, ಕುಟುಂಬದವರನ್ನು ಮಾತನಾಡಿಸಿರಬೇಕು. ಏನನ್ನು ನೋಡಿದೆ, ಏನು ಸಿಗಲಿಲ್ಲ ಎಂದು ಬರೆದಿರಬೇಕು. ಸುಭಾಷ್ ಅವರೇ, ಪಾಟೀಸವಾಲಿನಲ್ಲಿ ಮೊದಲು ಇದನ್ನೇ ಕೇಳಿ.