‘ಚೋದಕ’ ಅಂದರೆ ಗದ್ದೆ ಬದುವಿನಲ್ಲಿ ಏನು ಕೇಳಿಸುತ್ತೆ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ವಾರದಿಂದ ಒದ್ದಾಡುತ್ತಿದ್ದೇನೆ. ಮಂಡ್ಯ ಸುತ್ತಮುತ್ತಲ ಭತ್ತ, ಕಬ್ಬಿನ ರೈತರಿಗೆ ಜೀವಾಣು ಗೊಬ್ಬರದ ಬಗ್ಗೆ ಎರಡು ಪುಟದ ಕರಪತ್ರ ಬರೆದುಕೊಡಬೇಕು. ಅಜೋಸ್ಪಿರಿಲಮ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಬೆಳೆಗೆ ಒದಗಿಸುತ್ತದೆ. ಇಷ್ಟನ್ನು ‘ಗೊಬ್ಬರ’ ಎಂಬ ಮಾತಿನಲ್ಲೇ ಹೇಳಬಹುದು. ಆದರೆ ಅದಕ್ಕೆ ಇನ್ನೊಂದು ಕೆಲಸವೂ ಇದೆ. ಬೇರಿನಿಂದ ಜಿನುಗುವ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲ ಬಳಸಿಕೊಂಡು ಇಂಡೋಲ್ ಅಸಿಟಿಕ್ ಆಮ್ಲ ತಯಾರಿಸುತ್ತದೆ. ಗಿಡ ತನ್ನೊಳಗೇ ಮಾಡಿಕೊಳ್ಳುವ ಆಕ್ಸಿನ್ ಹಾರ್ಮೋನೂ ಇದೇ. ಇದು ತಾಗಿದ ಬೇರಿಗೆ ಕವಲು ಜಾಸ್ತಿ, ರೋಮ ಜಾಸ್ತಿ. ಈ ‘ಹಾರ್ಮೋನ್’ ಅನ್ನು ಕನ್ನಡದಲ್ಲಿ ಏನೆನ್ನಲಿ?

ಕರಡಿನಲ್ಲಿ ‘ಬೆಳವಣಿಗೆ ಪ್ರಚೋದಕ’ ಎಂದು ಬರೆದು ಮದ್ದೂರು ಕಡೆಯ ನಮ್ಮ ಮಾವನಿಗೆ ಓದಿ ಹೇಳಿದೆ. “ಪ್ರಚೋದನೆ ಅಂದ್ರೆ ಗಲಾಟೆಗೆ ಎತ್ತಿಕಟ್ಟೋದು, ಪೇಪರ್‌ನಲ್ಲಿ ಬರ್ತದಲ್ಲ, ಅದಲ್ವೇನವ್ವ?” ಅಂದರು. ನಿಜ. ಪ್ರಚೋದನಕಾರಿ ಭಾಷಣ, ಗಲಭೆಗೆ ಪ್ರಚೋದನೆ: ದಿನಬಳಕೆಯಲ್ಲಿ ಆ ಮಾತಿಗೆ ಈಗ ಆ ಬಣ್ಣವೇ ಮೆತ್ತಿಕೊಂಡಿದೆ.

ಮೂಲದಲ್ಲಿ ಮಾತ್ರ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. 1905ರಲ್ಲಿ ಇಂಗ್ಲೆಂಡಿನ ಶರೀರವಿಜ್ಞಾನಿ ಸ್ಟಾರ್ಲಿಂಗ್ ‘ಹಾರ್ಮೋನ್’ ಎಂಬ ಹೆಸರು ಬಳಕೆಗೆ ತಂದಾಗ ಆರಿಸಿಕೊಂಡ ಗ್ರೀಕ್ ಪದಕ್ಕೆ ಕದಲಿಸು, ಮುಂದಕ್ಕೆ ತಳ್ಳು ಎಂಬ ಅರ್ಥ. ಸಂಸ್ಕೃತದ ‘ಚುದ್’ ಧಾತುವಿಗೂ ಅದೇ ಅರ್ಥ. ಗಾಯತ್ರಿ ಮಂತ್ರದ ಕೊನೆಯ ‘ಪ್ರಚೋದಯಾತ್’ ಬಂದದ್ದೂ ಅಲ್ಲಿಂದಲೇ. ಹಾಗಾಗಿ ‘ಪ್ರ’ ಬಿಟ್ಟು ಬರೀ ‘ಚೋದಕ’ ಎಂದರೆ ಪೇಪರ್ ಕನ್ನಡದ ಕಳಂಕ ಇಲ್ಲ. ಆದರೆ ಮಾವನಿಗೆ ಅದು ಏನೂ ಹೇಳಲಿಲ್ಲ.

ಹಾರ್ಮೋನ್‌ಗೆ ಇನ್ನೊಂದು ಪದ ‘ರಸದೂತ’ ನನಗೆ ಬಹಳ ಇಷ್ಟ. ಚಿಗುರಿನ ತುದಿಯಲ್ಲಿ ಹುಟ್ಟಿ ಕೆಳಗಿಳಿದು ಸುದ್ದಿ ಮುಟ್ಟಿಸುವ ಆಕ್ಸಿನ್‌ಗೆ ಹೇಳಿ ಮಾಡಿಸಿದ ಹೆಸರು. ಇಲ್ಲಿ ದೂತ ಬರುತ್ತಿರುವುದು ಹೊರಗಿನ ಬ್ಯಾಕ್ಟೀರಿಯಾದಿಂದ, ಅದಕ್ಕೂ ಒಪ್ಪುತ್ತದೆ. ಓದಿದವರಿಗೆ ಸರಿ, ಕರಪತ್ರಕ್ಕೆ ಸ್ವಲ್ಪ ಭಾರ.

ಅಂಗಡಿಯಲ್ಲಿ, ಹೊಲದಲ್ಲಿ ಎಲ್ಲರೂ ಅನ್ನುವುದು ‘ಟಾನಿಕ್’. ಇದನ್ನು ಮಾತ್ರ ನಾನು ಬರೆಯಲಾರೆ. ಟಾನಿಕ್ ಎಂದರೆ ಶಕ್ತಿ, ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಅದರ ಜೊತೆಗೇ ಬರುತ್ತದೆ. ಹಾರ್ಮೋನ್ ಆಹಾರವಲ್ಲ. ಚೂರೇ ಚೂರು ಸಾಕು, ಮಿತಿ ಮೀರಿದರೆ ಬೇರಿನ ಉದ್ದವೇ ಕುಂಠಿತವಾಗುತ್ತದೆ. ನಮ್ಮವರು ಕಳೆಗೆ ಹೊಡೆಯುವ 2,4-ಡಿ ಕೂಡ ಆಕ್ಸಿನ್‌ನಂತೆಯೇ ವರ್ತಿಸುವ ಕೃತಕ ವಸ್ತು. ಅಗಲ ಎಲೆಯ ಕಳೆ ಅದರಿಂದ ಅಡ್ಡಾದಿಡ್ಡಿ ಬೆಳೆದು, ತಿರುಚಿಕೊಂಡು ಸಾಯುತ್ತದೆ.

ಹೋದ ವರ್ಷ ಒಟ್ಲು (ಭತ್ತದ ಸಸಿಮಡಿ) ಬಿಡುವಾಗ ಮಾವ ಅರ್ಧ ಬೀಜಕ್ಕೆ ಬೆಲ್ಲದ ನೀರಲ್ಲಿ ಕಲಸಿದ ಅಜೋಸ್ಪಿರಿಲಮ್ ಪುಡಿ ಹಚ್ಚಿದ್ದರು, ಅರ್ಧ ಹಾಗೇ ಬಿಟ್ಟಿದ್ದರು. ಪೈರು ಕೀಳುವ ದಿನ ಎರಡೂ ಕಡೆಯಿಂದ ಒಂದೊಂದು ಹಿಡಿ ಕಿತ್ತು ನಾಲೆ ನೀರಲ್ಲಿ ಜಾಲಿಸಿದರು. ಹಚ್ಚದ ಪೈರಿನ ಮಣ್ಣು ಎರಡು ಸಲ ಆಡಿಸಿದ್ದಕ್ಕೇ ಬಿಟ್ಟುಹೋಯಿತು. ಹಚ್ಚಿದ್ದರ ಬೇರು ಸಣ್ಣ ಸಣ್ಣ ಕವಲಾಗಿ ಹೆಣೆದುಕೊಂಡಿತ್ತು. ಮಣ್ಣನ್ನು ಬೆರಳಲ್ಲಿ ಬಿಡಿಸಬೇಕಾಯಿತು. “ಬೇರ ಎಬ್ಬಿಸೈತೆ ನೋಡು” ಅಂದರು.

ಆ ‘ಎಬ್ಬಿಸು’ ನನ್ನ ಕಿವಿಯಲ್ಲೇ ಉಳಿದಿದೆ. ಉಣಿಸುವುದಲ್ಲ, ಎಬ್ಬಿಸುವುದು. ಸ್ಟಾರ್ಲಿಂಗ್ ಹುಡುಕಿದ ಅರ್ಥಕ್ಕೆ ಇದು ಎಷ್ಟು ಹತ್ತಿರ! ಆದರೆ ಇದನ್ನು ಹೆಸರುಪದ ಮಾಡುವುದು ಹೇಗೆ? ಓದುಗ, ಕೇಳುಗ ಇದ್ದಂತೆ ‘ಎಬ್ಬಿಸುಗ’ ಎಂದರೆ ಯಾರೋ ಮನುಷ್ಯ ಬಂದು ಎಬ್ಬಿಸಿದ ಹಾಗೆ ಕೇಳಿಸುತ್ತದೆ. ‘ಬೇರೆಬ್ಬಿಸುಗ’ ಎಂದು ಕೂಡಿಸಿದರೆ ಕಣ್ಣು ಮೊದಲು ‘ಬೇರೆ’ ಎಂದು ಓದುತ್ತದೆ. ಸದ್ಯಕ್ಕೆ ‘ಹಾರ್ಮೋನ್, ಅಂದರೆ ಬೇರು ಎಬ್ಬಿಸುವ ರಸ’ ಎಂದು ಬಿಡಿಸಿ ಬರೆದಿದ್ದೇನೆ. ಆದರೆ ಕೆಲವು ಬ್ಯಾಕ್ಟೀರಿಯಾಗಳು ಜಿಬ್ಬರೆಲಿನ್, ಸೈಟೊಕೈನಿನ್ ಎಂಬ ಬೇರೆ ಹಾರ್ಮೋನ್‌ಗಳನ್ನೂ ಮಾಡುತ್ತವೆ. ಅವು ಕಾಂಡಕ್ಕೂ ಚಿಗುರಿಗೂ ಸಂಬಂಧಪಟ್ಟವು. ಆಗ ‘ಬೇರು’ ಸಾಲದು.

‘-ಉಗ’ ಪ್ರತ್ಯಯ ಮನುಷ್ಯರಲ್ಲದ ವಸ್ತುಗಳಿಗೆ ಸಹಜವಾಗಿ ಬಳಕೆಯಾದ ಉದಾಹರಣೆ ಇದ್ದರೆ ತಿಳಿಸಿ. ಧಾರವಾಡ, ರಾಯಚೂರು, ಕರಾವಳಿ ಕಡೆಯವರು ಗಿಡದ ವಿಷಯದಲ್ಲಿ ‘ಎಬ್ಬಿಸು’ ಅನ್ನುತ್ತೀರಾ, ಅಥವಾ ಬೇರೆ ಮಾತಿದೆಯಾ? ಈ ಸಲದ ಒಟ್ಲು ಬಿಡುವ ಮೊದಲು ಕರಪತ್ರ ಅಚ್ಚಾಗಬೇಕು.